ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ಹಾಸ್ಟೆಲ್‌ನಲ್ಲಿ ವಾಂತಿ-ಭೇದಿ ಶುರುವಾದಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ವಾಂತಿ ಶುರುವಾಗುತ್ತದೆ, ಎರಡು ಮೂರು ದಿನದಲ್ಲಿ ಇಡೀ ಮಹಡಿ ಮಲಗುತ್ತದೆ. ವಿದ್ಯಾರ್ಥಿಗಳು, ವಾರ್ಡನ್, ಮೆಸ್ ನಡೆಸುವವರು, ಒಬ್ಬ ತಾಯಿ, ಎಲ್ಲರೂ ಬರೆದಿದ್ದಾರೆ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ನಾನು ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಈ ಕಾಯಿಲೆಯ ಬಗ್ಗೆ ಪುಸ್ತಕದಿಂದ ಕಲಿತದ್ದಕ್ಕಿಂತ ಹಾಸ್ಟೆಲ್ ಕಾರಿಡಾರ್‌ಗಳಲ್ಲಿ ಕಲಿತದ್ದೇ ಜಾಸ್ತಿ.

ಪ್ರಶ್ನೆ: ನನ್ನ ರೂಮ್‌ಮೇಟ್‌ಗೆ ರಾತ್ರಿ ಇದ್ದಕ್ಕಿದ್ದಂತೆ ವಾಂತಿ ಶುರುವಾಯಿತು. ಮಾರನೇ ದಿನ ರಾತ್ರಿ ಎದುರು ರೂಮಿನ ಇಬ್ಬರಿಗೆ ಬಂತು. ಈಗ ನಮ್ಮ ಮಹಡಿಯಲ್ಲಿ ಏಳು ಜನ ಮಲಗಿದ್ದಾರೆ. ಎಲ್ಲರೂ ಮೆಸ್ ಊಟದಿಂದಲೇ ಅಂತಿದ್ದಾರೆ. ನಿಜವಾ ಮೇಡಂ? ನನಗೂ ಬರುತ್ತಾ?
(ಎರಡನೇ ವರ್ಷದ ವಿದ್ಯಾರ್ಥಿನಿ)

ಉತ್ತರ: ಯಾರಿಗೆ ಯಾವಾಗ ಶುರುವಾಯಿತು ಅನ್ನುವುದನ್ನು ನೀವು ಗಮನಿಸಿ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಒಂದೇ ಊಟದಿಂದ ಬಂದಿದ್ದರೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಶುರುವಾಗಬೇಕಿತ್ತು. ಉದಾಹರಣೆಗೆ, ಊಟದಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ವಿಷ ಸೇರಿದ್ದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಬರುತ್ತದೆ. ಅದೇ ಊಟ ಮಾಡಿದ ಹಲವರು, ಬೇರೆ ಬೇರೆ ಮಹಡಿಯವರು, ಒಂದೇ ರಾತ್ರಿ ಬಾತ್‌ರೂಮಿಗೆ ಓಡುತ್ತಾರೆ. ನಿಮ್ಮಲ್ಲಿ ಹಾಗಾಗಿಲ್ಲ. ಮೊದಲು ಒಬ್ಬಳು, ಒಂದು ದಿನ ಕಳೆದು ಇಬ್ಬರು, ಆಮೇಲೆ ಏಳು. ಅದೂ ಒಂದೇ ಮಹಡಿಯಲ್ಲಿ. ಇದು ಜನರಿಂದ ಜನರಿಗೆ ದಾಟುತ್ತಿರುವ ಲಕ್ಷಣ. ಮಲದ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ, ಆದರೂ ನನ್ನ ಮೊದಲ ಅನುಮಾನ ನೊರೊವೈರಸ್ ಮೇಲೆ. ಅದು ಒಳಗೆ ಹೋದ 12ರಿಂದ 48 ಗಂಟೆಯಲ್ಲಿ ತಲೆ ಎತ್ತುತ್ತದೆ. ಒಂದರಿಂದ ಮೂರು ದಿನ ಕಾಡಿ ಬಿಡುತ್ತದೆ.

ಈ ವೈರಸ್ ಪತ್ತೆಯಾಗಿದ್ದೂ ಓದುವ ಮಕ್ಕಳಿಂದಲೇ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ, ಶಿಕ್ಷಕರಿಗೆ ಸಾಲಾಗಿ ವಾಂತಿ ಶುರುವಾಯಿತು. ಆಗ ಕಾರಣ ಸಿಗಲಿಲ್ಲ. ತೆಗೆದಿಟ್ಟ ಮಾದರಿಗಳಲ್ಲಿ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ವೈರಸ್ಸನ್ನು ಕಂಡರು. ಆ ಊರಿನ ಹೆಸರೇ ವೈರಸ್ಸಿಗೂ ಅಂಟಿಕೊಂಡಿತು.

ಇದು ಇಷ್ಟು ಜೋರಾಗಿ ಹರಡುವುದು ಏಕೆ? ಕಾಯಿಲೆ ತರಲು ಹದಿನೆಂಟು ಇಪ್ಪತ್ತು ಕಣ ಸಾಕಾಗಬಹುದು ಎಂಬ ಅಂದಾಜಿದೆ. ಕಾಯಿಲೆಯವರ ಒಂದು ಗ್ರಾಂ ಮಲದಲ್ಲಿ ಇರುವುದು ಕೋಟಿ ಕೋಟಿ ಕಣ. ವಾಂತಿಯಿಂದಲೂ ಹರಡುತ್ತದೆ. ವಾಂತಿ ನೆಲಕ್ಕೆ ಬಿದ್ದಾಗ ಸಣ್ಣ ಹನಿಗಳು ಗಾಳಿಗೆ ಏಳುತ್ತವೆ, ಸುತ್ತಲಿನ ಮೇಜು, ಚಿಲಕ, ತಟ್ಟೆಯ ಮೇಲೆ ಕೂರುತ್ತವೆ. 1998ರಲ್ಲಿ ಬ್ರಿಟನ್ನಿನ ಒಂದು ಹೋಟೆಲ್‌ನಲ್ಲಿ ರಾತ್ರಿ ಊಟಕ್ಕೆ ಕೂತ ಮಹಿಳೆಯೊಬ್ಬರು ಅಲ್ಲೇ ವಾಂತಿ ಮಾಡಿಕೊಂಡರು. ಆಮೇಲೆ ಯಾವ ಮೇಜಿನವರಿಗೆ ಎಷ್ಟು ಬಂತೆಂದು ಲೆಕ್ಕ ಹಾಕಿದರು. ಆ ಮಹಿಳೆಯ ಮೇಜಿನಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಬಂದಿತ್ತು. ದೂರ ಹೋದಂತೆ ಕಡಿಮೆಯಾಗುತ್ತಾ ಹೋಗಿ, ಅತಿ ದೂರದ ಮೇಜಿನಲ್ಲಿ ನಾಲ್ಕರಲ್ಲಿ ಒಬ್ಬರಿಗೆ. ಎಲ್ಲರೂ ಉಂಡದ್ದು ಒಂದೇ ಊಟ. ಬರೀ ಊಟದ್ದೇ ತಪ್ಪಾಗಿದ್ದರೆ ಮೇಜಿನ ದೂರಕ್ಕೆ ಬೆಲೆಯೇ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಘಟನೆ ಹಾಸ್ಟೆಲ್‌ನವರು ಮರೆಯಲೇಬಾರದು. 2010ರಲ್ಲಿ ಅಮೆರಿಕದಲ್ಲಿ ಹುಡುಗಿಯರ ಫುಟ್‌ಬಾಲ್ ತಂಡವೊಂದು ಪಂದ್ಯಕ್ಕೆ ಹೋಗಿ ಹೋಟೆಲ್‌ನಲ್ಲಿ ಉಳಿದಿತ್ತು. ಒಬ್ಬಳಿಗೆ ರಾತ್ರಿ ಹೊಟ್ಟೆ ಕೆಟ್ಟಿತು. ಅವಳು ಮನೆಗೆ ಹೋದಳು. ಅವಳು ಬಳಸಿದ ಬಾತ್‌ರೂಮಿನಲ್ಲಿ ತಿಂಡಿಯ ಚೀಲವೊಂದು ಇತ್ತು. ಅವಳು ಅದನ್ನು ಮುಟ್ಟಿಯೂ ಇರಲಿಲ್ಲ. ಮಾರನೇ ದಿನ ಆ ಚೀಲದ ತಿಂಡಿ ಹಂಚಿಕೊಂಡ ಗೆಳತಿಯರು ಕಾಯಿಲೆ ಬಿದ್ದರು. ತಂಡದವರು ಮನೆಗೆ ಮರಳಿದ ಮೇಲೂ ಆ ಚೀಲದ ಹೊರಮೈಯಲ್ಲಿ ವೈರಸ್ ಸಿಕ್ಕಿತು. ಬಾತ್‌ರೂಮಿನಲ್ಲಿ ಟೂತ್‌ಬ್ರಷ್, ನೀರಿನ ಬಾಟಲಿ, ಲೋಟ ಇಟ್ಟುಕೊಂಡವರು ಇದನ್ನು ಓದಿದ ಕೂಡಲೇ ಎದ್ದು ಹೋಗಿ ತೆಗೆದುಬಿಡಿ.

ಈಗ ನಿಮ್ಮ ರೂಮಿನ ವಿಷಯ. ಗೆಳತಿಯ ಹಾಸಿಗೆ ಪಕ್ಕ ಮುಚ್ಚಳ ಇರುವ ಬಕೆಟ್ ಇಡಿ, ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ. ಮಹಡಿಯಲ್ಲಿ ನಾಲ್ಕು ಶೌಚಾಲಯ ಇದ್ದರೆ ಒಂದನ್ನು ಕಾಯಿಲೆಯವರಿಗೇ ಬಿಡಿ, ಬಾಗಿಲ ಮೇಲೆ ಚೀಟಿ ಅಂಟಿಸಿ. ಟವೆಲ್, ಲೋಟ, ಚಮಚ, ಚಾರ್ಜರ್ ಯಾವುದನ್ನೂ ಹಂಚಿಕೊಳ್ಳಬೇಡಿ. ಕಿಟಕಿ ತೆರೆದಿಡಿ. ಬಟ್ಟೆ, ಹೊದಿಕೆ ಕೊಳೆಯಾಗಿದ್ದರೆ ಕೊಡವಬೇಡಿ. ಹಾಗೇ ಸುತ್ತಿ ಚೀಲಕ್ಕೆ ಹಾಕಿ, ಬಿಸಿ ನೀರಿನಲ್ಲಿ ಬೇರೆಯಾಗಿ ಒಗೆಯಿರಿ. ಮತ್ತೆ, ಕೈ ತೊಳೆದ ಮೇಲೆ ಮೊದಲು ಏನು ಮುಟ್ಟುತ್ತೀರಿ ಅಂತ ಒಮ್ಮೆ ಗಮನಿಸಿ. ಹೆಚ್ಚಿನವರು ಮುಟ್ಟುವುದು ಮೊಬೈಲ್. ಶೌಚಾಲಯಕ್ಕೆ ಮೊಬೈಲ್ ಒಯ್ದು, ಕೈ ತೊಳೆದು, ಅದೇ ಮೊಬೈಲ್ ಹಿಡಿದು ಊಟಕ್ಕೆ ಕೂತರೆ ಕೈ ತೊಳೆದದ್ದು ದಂಡ.

ನಿಮಗೆ ಬರಬಹುದು, ಬರದೆಯೂ ಇರಬಹುದು. ಕೆಲವರ ಕರುಳಿಗೆ ಕೆಲವು ಬಗೆಯ ನೊರೊವೈರಸ್ ಅಂಟಿಕೊಳ್ಳುವುದೇ ಇಲ್ಲ, ಅದು ಹುಟ್ಟಿನಿಂದ ಬಂದ ಗುಣ. ಗೆಳತಿಯ ಆರೈಕೆ ಮಾಡಿದ ಮೇಲೆ ಎರಡು ದಿನ ಎಚ್ಚರವಾಗಿರಿ. ಆ ಎರಡು ದಿನ ಬೇರೆ ಮಹಡಿಗೆ ಹೋಗಿ ಒಂದೇ ತಟ್ಟೆಯಲ್ಲಿ ತಿನ್ನಬೇಡಿ. ಆದರೆ ಭಯಪಟ್ಟು ಅವಳನ್ನು ಒಂಟಿಯಾಗಿ ಬಿಡಬೇಡಿ. ಬಾಗಿಲಾಚೆಗೆ ನೀರು ಇಟ್ಟು ಹೋಗುವ ಒಬ್ಬ ಗೆಳತಿ ಇದ್ದರೆ ಎಷ್ಟೋ ಮಕ್ಕಳು ಡ್ರಿಪ್ ಇಲ್ಲದೆಯೇ ಚೇತರಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಪ್ರತಿ ಮಹಡಿಗೂ ಸ್ಯಾನಿಟೈಸರ್ ಬಾಟಲಿ ಇಡಿಸಿದ್ದೇನೆ. ಎರಡು ಹೊತ್ತು ಫಿನಾಯಿಲ್ ಹಾಕಿ ಒರೆಸಿಸುತ್ತಿದ್ದೇನೆ. ಆದರೂ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?
(ಒಬ್ಬ ವಾರ್ಡನ್)

ಉತ್ತರ: ವಾರ್ಡನ್ ಅವರೇ, ನಿಮ್ಮ ಕಾಳಜಿ ಸರಿಯಾಗಿದೆ, ಕೈಗೆತ್ತಿಕೊಂಡ ಸಾಮಾನು ಸರಿಯಿಲ್ಲ. ಆಲ್ಕೋಹಾಲ್ ಸ್ಯಾನಿಟೈಸರ್ ಕೆಲಸ ಮಾಡುವುದು ಕೊಬ್ಬಿನ ಹೊದಿಕೆ ಇರುವ ವೈರಸ್‌ಗಳ ಮೇಲೆ ಚೆನ್ನಾಗಿ. ಕೊರೊನಾ ಅಂಥದ್ದು, ಅದಕ್ಕೇ ಆಗ ಎಲ್ಲ ಕಡೆ ಇಟ್ಟಿದ್ದರು. ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಸ್ಯಾನಿಟೈಸರ್ ಹಚ್ಚಿದರೆ ಅದು ಹೆಚ್ಚಾಗಿ ಕೈಮೇಲೇ ಉಳಿಯುತ್ತದೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಇಪ್ಪತ್ತು ಸೆಕೆಂಡ್ ಉಜ್ಜಿದರೆ ಜಾರಿ ಕೆಳಗೆ ಹೋಗುತ್ತದೆ. ಸೋಪು ಅದನ್ನು ಕೊಲ್ಲಬೇಕಾಗಿಲ್ಲ, ಕೈಯಿಂದ ಕಳಚಿದರೆ ಸಾಕು.

ಹಾಗಾಗಿ ನಿಮಗೆ ನನ್ನ ಮೊದಲ ಕೋರಿಕೆ: ಈಗಲೇ ಎಲ್ಲ ಶೌಚಾಲಯಗಳಿಗೂ ಒಂದು ಸುತ್ತು ಹೋಗಿ, ಎಷ್ಟು ಕಡೆ ಸೋಪು ಇದೆ ಎಂದು ನೋಡಿ. ಬೆಳಿಗ್ಗೆ ಇರುತ್ತದೆ, ರಾತ್ರಿ ಊಟದ ಹೊತ್ತಿಗೆ ಖಾಲಿಯಾಗಿರುತ್ತದೆ. ರಾತ್ರಿ ಹನ್ನೊಂದರ ನಂತರ ತುಂಬಿಸುವವರೇ ಇರುವುದಿಲ್ಲ. ಕಾಯಿಲೆಯವರು ಹೆಚ್ಚು ಓಡಾಡುವುದು ಆ ಹೊತ್ತಿನಲ್ಲೇ. ಒದ್ದೆಯಲ್ಲಿ ಕರಗಿ ಬಿದ್ದ ಸೋಪಿನ ತುಂಡಿಗಿಂತ ಒತ್ತಿದರೆ ಬರುವ ದ್ರವ ಸೋಪು ಒಳ್ಳೆಯದು. ಅದನ್ನು ನೋಡಿಕೊಳ್ಳಲು ಒಬ್ಬರ ಹೆಸರು ಹೇಳಿ ಜವಾಬ್ದಾರಿ ಕೊಡಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ.

ಎರಡನೆಯದು ನೆಲ ಒರೆಸುವ ದ್ರವ. ಘಮ ಬಂದರೆ ಶುಚಿಯಾಯಿತು ಅಂದುಕೊಳ್ಳಬೇಡಿ. ಈ ವೈರಸ್ಸಿಗೆ ಬೇಕಾದದ್ದು ಕ್ಲೋರಿನ್ ಬ್ಲೀಚ್. ಡಬ್ಬದ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಅಂತ ಬರೆದಿರುತ್ತದೆ, ಶೇಕಡಾ ಎಷ್ಟು ಎಂದೂ ಇರುತ್ತದೆ. ಶೇಕಡಾ 5ರ ಬ್ಲೀಚ್ ಆದರೆ, ಚಿಲಕ, ನಲ್ಲಿ, ಫ್ಲಶ್ ಗುಂಡಿ, ಮೆಟ್ಟಿಲ ಕೈಹಿಡಿ ಇಂಥವುಗಳಿಗೆ ಒಂದು ಲೀಟರ್ ನೀರಿಗೆ 20 ಮಿಲಿ ಸಾಕು. ವಾಂತಿ ಅಥವಾ ಮಲ ಬಿದ್ದ ಜಾಗಕ್ಕೆ ಲೀಟರಿಗೆ 100 ಮಿಲಿ. ಮೊದಲು ಕೊಳೆ ತೆಗೆದು ಸೋಪು ನೀರಿನಲ್ಲಿ ಒರೆಸಿ, ಆಮೇಲೆ ಬ್ಲೀಚ್. ಕೊಳೆಯ ಮೇಲೇ ಸುರಿದರೆ ಕ್ಲೋರಿನ್ ಆ ಕೊಳೆಯ ಜೊತೆ ಹೊಡೆದಾಡಿ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಹಚ್ಚಿದ ಮೇಲೆ ಐದರಿಂದ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಹಚ್ಚಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಬಿಟ್ಟರೆ ಏನೂ ಉಪಯೋಗವಿಲ್ಲ. ಬೆರೆಸಿದ ನೀರನ್ನು ಅದೇ ದಿನ ಮುಗಿಸಿ, ಮಾರನೇ ದಿನಕ್ಕೆ ಹೊಸದು ಮಾಡಿ.

ವಾಂತಿ ಬಿದ್ದ ಜಾಗದ ಸುತ್ತ ಎರಡು ಮೀಟರಿನಷ್ಟಾದರೂ ಸೇರಿಸಿ ಶುಚಿ ಮಾಡಿಸಿ. ಕಣ್ಣಿಗೆ ಕಂಡಷ್ಟೇ ಒರೆಸಿದರೆ ಸಾಲದು.

ಪ್ರಶ್ನೆ: ನಾನು ಹಾಸ್ಟೆಲ್‌ನಲ್ಲಿ ಕ್ಲೀನಿಂಗ್ ಕೆಲಸ ಮಾಡುವವರ ಮೇಲ್ವಿಚಾರಕಿ. ವಾಂತಿ ಬಳಿಯುವುದು ನಮ್ಮವರೇ. ಹೋದ ಸಲ ನಮ್ಮಲ್ಲಿ ಮೂವರಿಗೆ ಬಂತು. ನಾವು ಹೇಗೆ ಕಾಪಾಡಿಕೊಳ್ಳುವುದು?

ಉತ್ತರ: ಅಮ್ಮಾ, ಈ ಪತ್ರ ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಎಲ್ಲರೂ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಾರೆ. ಎಲ್ಲರಿಗಿಂತ ಹತ್ತಿರದಿಂದ ವೈರಸ್ ಮುಟ್ಟುವವರು ನಿಮ್ಮವರು. ಕೈಗೆ ಗ್ಲೌಸ್, ಬಾಯಿ ಮೂಗಿಗೆ ಮಾಸ್ಕ್, ಮೈಮೇಲೆ ಪ್ಲಾಸ್ಟಿಕ್ ಏಪ್ರನ್, ಈ ಮೂರು ಇಲ್ಲದೆ ವಾಂತಿ ಬಳಿಯುವ ಕೆಲಸಕ್ಕೆ ಕೈ ಹಾಕಬೇಡಿ. ಇವನ್ನು ಕೊಡಬೇಕಾದದ್ದು ಕಾಲೇಜು. ನಾನು ಹೇಳಿದ್ದೇನೆಂದು ಈ ಪುಟವನ್ನೇ ತೋರಿಸಿ.

ಮೊದಲು ಪೊರಕೆ, ಮಾಪ್ ತರಬೇಡಿ. ದಪ್ಪ ಕಾಗದ ಹಾಕಿ ಹೀರಿಸಿ, ಹೊರಗಿನಿಂದ ಒಳಗೆ ಸೇರಿಸಿಕೊಂಡು ಎತ್ತಿ, ಎರಡು ಚೀಲದೊಳಗೆ ಕಟ್ಟಿ. ಗ್ಲೌಸ್ ಬಿಚ್ಚಿ ಅದನ್ನೂ ಕಸಕ್ಕೆ ಹಾಕಿ, ಹೊಸದು ಹಾಕಿಕೊಂಡು ಬ್ಲೀಚ್ ಹಚ್ಚಿ. ಒಂದು ರೂಮಿನ ಮಾಪನ್ನು ಇನ್ನೊಂದು ರೂಮಿಗೆ ಒಯ್ದರೆ ಕಾಯಿಲೆಯೂ ಜೊತೆಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ನೀರೂ ಕುಡಿಯಬೇಡಿ.

ಇನ್ನೊಂದು ಮಾತು, ಇದು ಪ್ರಾಣದ ವಿಷಯ. ಬ್ಲೀಚ್ ಜೊತೆ ಶೌಚಾಲಯ ತೊಳೆಯುವ ಆಸಿಡ್ ಯಾವತ್ತೂ ಸೇರಿಸಬೇಡಿ. ಎರಡೂ ಸೇರಿದರೆ ಹೆಚ್ಚು ಬಿಳಿಯಾಗುತ್ತದೆ ಅಂತ ಕೆಲವರು ಹಾಕುತ್ತಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಸೇರಿಸಬಾರದು.

ಪ್ರಶ್ನೆ: ನಾಳೆ ಇಂಟರ್ನಲ್ಸ್ ಇದೆ. ನಿನ್ನೆಯಿಂದ ಭೇದಿ. ಭೇದಿ ನಿಲ್ಲಿಸುವ ಮಾತ್ರೆ ನುಂಗಿದೆ, ಗೆಳೆಯನ ಹತ್ತಿರ ಉಳಿದಿದ್ದ ಆ್ಯಂಟಿಬಯಾಟಿಕ್ ಕೂಡ ತಗೊಂಡೆ. ಕೋಲಾ ಕುಡಿಯುತ್ತಿದ್ದೇನೆ. ಪರೀಕ್ಷೆಗೆ ಹೋಗಬಹುದಾ? ಹೋಗದಿದ್ದರೆ ಅಟೆಂಡೆನ್ಸ್ ಹೋಗುತ್ತೆ.
(ಕೊನೆಯ ವರ್ಷದ ವಿದ್ಯಾರ್ಥಿ)

ಉತ್ತರ: ತಮ್ಮಾ, ಒಂದೊಂದಾಗಿ ಬಿಡಿಸೋಣ.

ಮೊದಲು ಆ್ಯಂಟಿಬಯಾಟಿಕ್. ಅದು ವೈರಸ್ಸನ್ನು ಮುಟ್ಟುವುದೇ ಇಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಇನ್ನೂ ಜಾಸ್ತಿಯಾಗಬಹುದು. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ಕೆಟ್ಟ ತಳಿಗಳಿವೆ, ಅವುಗಳ ಸೋಂಕಿನಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರೆ ಕಿಡ್ನಿಗೆ ಅಪಾಯ ಹೆಚ್ಚಬಹುದು. ಗೆಳೆಯನ ಉಳಿದ ಮಾತ್ರೆ ನಿಮ್ಮ ಕಾಯಿಲೆಗೆ ಮದ್ದಲ್ಲ, ದಯವಿಟ್ಟು ನಿಲ್ಲಿಸಿ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ದೊಡ್ಡವರು ಕೆಲವೊಮ್ಮೆ ತೆಗೆದುಕೊಳ್ಳಬಹುದು. ಆದರೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ಬೇಡವೇ ಬೇಡ. ಒಳಗಿನ ವಿಷ ಹೊರಹೋಗದೆ ಉಳಿಯುತ್ತದೆ.

ಕೋಲಾ ಪಕ್ಕಕ್ಕಿಡಿ. ಅದರಲ್ಲಿ ಸಕ್ಕರೆ ತೀರಾ ಜಾಸ್ತಿ, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು. ಅತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರನ್ನು ಎಳೆಯುತ್ತದೆ. ನಿಮಗೆ ಬೇಕಾಗಿರುವುದು ಓಆರ್‌ಎಸ್, ಅಂದರೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುವ ದಾರಿಯೊಂದಿದೆ. ಭೇದಿ ಜೋರಾಗಿದ್ದಾಗಲೂ ಆ ದಾರಿ ಮುಚ್ಚುವುದಿಲ್ಲ. ಎರಡೂ ಒಳಹೋದಾಗ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದು ಹೋದವು. ಆಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿ ಜನರಿಗೆ ಕುಡಿಸಿದರು. ಮನೆಯವರೇ ಲೋಟದಲ್ಲಿ ಕುಡಿಸುತ್ತಾ ಕೂತರು. ಶೇಕಡಾ 30ರ ಹತ್ತಿರ ಇದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಬಂತು. ಇಂಥ ಮದ್ದು ಮೆಡಿಕಲ್ ಶಾಪಿನ ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ನಮ್ಮ ಹುಡುಗರು ಕೋಲಾ ಹುಡುಕುತ್ತಾರೆ.

ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಸುರಿದು ಗಟ್ಟಿ ಮಾಡಿ ಕುಡಿದರೆ ಕೆಡುಕಾಗುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಅದಕ್ಕಿಂತ ಜಾಸ್ತಿ ಹಾಕಬೇಡಿ. ವಾಂತಿ ಆದರೆ ಹತ್ತು ನಿಮಿಷ ಸುಮ್ನೆ ಇದ್ದು, ಮತ್ತೆ ಚಮಚ ಚಮಚವಾಗಿ ಶುರು ಮಾಡಿ. ಗಟಗಟ ಕುಡಿದದ್ದು ಹಾಗೇ ವಾಪಸ್ ಬರುತ್ತದೆ. ಹಸಿವಾದಾಗ ಹೊಟ್ಟೆಗೆ ಭಾರವಾಗದ ಊಟ ಮಾಡಿ, ಉಪವಾಸ ಬೇಡ.

ಎಂಟು ಗಂಟೆಗಳಾದರೂ ಮೂತ್ರ ಬಂದೇ ಇಲ್ಲ ಅಥವಾ ತೀರಾ ಗಾಢ ಬಣ್ಣಕ್ಕೆ ತಿರುಗಿದೆ, ಎದ್ದರೆ ತಲೆ ಸುತ್ತುತ್ತದೆ, ಮಲದಲ್ಲಿ ರಕ್ತ, 39 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರ, ಗುಟುಕು ನೀರೂ ನಿಲ್ಲದ ವಾಂತಿ, ಮೂರು ದಿನವಾದರೂ ನಿಲ್ಲದ ಭೇದಿ, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಆಸ್ಪತ್ರೆಗೆ ಹೋಗಿ. ರಾತ್ರಿ ಎರಡು ಗಂಟೆಯಾಗಿದ್ದರೂ ವಾರ್ಡನ್‌ರನ್ನು ಎಬ್ಬಿಸಿ.

ಇನ್ನು ಪರೀಕ್ಷೆ. ಹೋಗಬೇಡಿ. ವಾಂತಿ-ಭೇದಿ ಪೂರ್ತಿ ನಿಂತ ಮೇಲೆ ಇನ್ನೂ 48 ಗಂಟೆ ರೂಮಿನಲ್ಲೇ ಇರಬೇಕು. ನಿಮಗೆ ಹಗುರ ಅನಿಸಿದ ಮೇಲೂ ವೈರಸ್ ಹೊರಬರುತ್ತಲೇ ಇರುತ್ತದೆ, ಎರಡು ವಾರದವರೆಗೂ ಬರಬಹುದು. ಆದರೆ ಮೊದಲ ದಿನಗಳಲ್ಲೇ ಅತಿ ಹೆಚ್ಚು.

ಈ ಪತ್ರದ ಉಳಿದ ಉತ್ತರ ನಿಮಗಲ್ಲ, ನಿಮ್ಮ ಪ್ರಿನ್ಸಿಪಾಲರಿಗೆ. ಸರ್, ಮೇಡಂ, ಯಾರೇ ಆಗಿರಲಿ, ಕೇಳಿ. ಹುಡುಗರು ಕಾಯಿಲೆ ಮುಚ್ಚಿಡುವುದು ಹಠಕ್ಕಲ್ಲ. ಅಟೆಂಡೆನ್ಸ್ ಹೋಗುತ್ತದೆ, ಇಂಟರ್ನಲ್ಸ್ ಅಂಕ ಹೋಗುತ್ತದೆ, ಮೆಡಿಕಲ್ ಸರ್ಟಿಫಿಕೇಟ್‌ಗೆ ಅಲೆಯಬೇಕು, ಅದಕ್ಕೆ ಮುಚ್ಚಿಡುತ್ತಾರೆ. ನನ್ನ ಕೇಂದ್ರಕ್ಕೆ ಬರುವವರಲ್ಲಿ ಎಷ್ಟೋ ಮಂದಿ ಔಷಧಿ ಕೇಳುವ ಮೊದಲು ಚೀಟಿ ಕೇಳುತ್ತಾರೆ. ಸುಸ್ತಾಗಿ ನಿಲ್ಲಲಾಗದವರು ಒಂದು ಚೀಟಿಗಾಗಿ ಸಾಲಿನಲ್ಲಿ ನಿಂತು, ಮುಂದೆ ಹಿಂದೆ ನಿಂತವರಿಗೆ ಕಾಯಿಲೆ ಕೊಟ್ಟು ಹೋಗುತ್ತಾರೆ. ವಾಂತಿ-ಭೇದಿಗೆ ಮೂರು ನಾಲ್ಕು ದಿನದ ರಜೆಯನ್ನು ಸರ್ಟಿಫಿಕೇಟ್ ಇಲ್ಲದೆ, ವಾರ್ಡನ್ ಒಂದು ಮೆಸೇಜ್ ಕಳಿಸಿದರೆ ಸಾಕೆಂದು ಕೊಡಿ. ಇಂಟರ್ನಲ್ಸ್ ಮತ್ತೊಮ್ಮೆ ಬರೆಯಲು ಬಿಡಿ. ನಾಲ್ಕು ಜನ ಇದನ್ನು ದುರುಪಯೋಗ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ. ಒಬ್ಬ ಹುಡುಗ ಪರೀಕ್ಷಾ ಹಾಲಿನಲ್ಲಿ ವಾಂತಿ ಮಾಡಿಕೊಂಡರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ನಾನು ನೋಡಿದ ಮಟ್ಟಿಗೆ, ಬ್ಲೀಚಿಗಿಂತ ಸೋಪಿಗಿಂತ ಮೊದಲು ಬದಲಾಗಬೇಕಾದದ್ದು ಈ ನಿಯಮ.

ಪ್ರಶ್ನೆ: ನಾನು ಮೆಸ್ ನಡೆಸುತ್ತೇನೆ. ಯಾರಿಗೆ ಹೊಟ್ಟೆ ಕೆಟ್ಟರೂ ನಮ್ಮ ಮೇಲೇ ಬರುತ್ತಾರೆ. ನಮ್ಮದು ತಪ್ಪಿಲ್ಲ ಅಂತ ತೋರಿಸುವುದು ಹೇಗೆ? ತಪ್ಪಿದ್ದರೆ ಗೊತ್ತಾಗುವುದು ಹೇಗೆ?

ಉತ್ತರ: ಎರಡನೇ ಪ್ರಶ್ನೆಯನ್ನೂ ಕೇಳಿದ್ದೀರಲ್ಲ, ಅದಕ್ಕೆ ನಿಮಗೆ ನನ್ನ ಮೆಚ್ಚುಗೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಾಯಿಲೆಯಾದವರ ರೂಮ್ ನಂಬರ್, ಶುರುವಾದ ದಿನ ಮತ್ತು ಗಂಟೆ, ಹಿಂದಿನ ಎರಡು ಮೂರು ದಿನ ಎಲ್ಲಿ ಏನು ತಿಂದರು, ನೀರು ಎಲ್ಲಿಂದ ಕುಡಿದರು, ಇಷ್ಟು ಬರೆಸಿ. ಕಾಯಿಲೆ ಆಗದವರಲ್ಲೂ ಕೆಲವರನ್ನು ಅದೇ ಪ್ರಶ್ನೆ ಕೇಳಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಾಯಿಲೆಯಾದ ಎಲ್ಲರೂ ಮೆಸ್‌ನಲ್ಲಿ ಉಂಡಿದ್ದಾರೆ ಅಂದರೆ ಏನೂ ಗೊತ್ತಾಗಲ್ಲ. ಆರೋಗ್ಯವಾಗಿರುವವರೂ ಅಲ್ಲೇ ಉಂಡಿರುತ್ತಾರಲ್ಲ! 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಡಾ. ಜಾನ್ ಸ್ನೋ ಮಾಡಿದ್ದು ಇದನ್ನೇ. ಸತ್ತವರ ಮನೆ ಎಲ್ಲಿ, ಅವರು ನೀರು ಎಲ್ಲಿಂದ ತಂದರು ಎಂದು ಕೇಳುತ್ತಾ ಹೋಗಿ ಬ್ರಾಡ್ ಸ್ಟ್ರೀಟಿನ ಒಂದು ಪಂಪಿಗೆ ಬಂದು ನಿಂತರು. ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಯಾಕೆ ಬರಲಿಲ್ಲ ಎಂದೂ ಕೇಳಿದರು. ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ.

ಒಂದೇ ದಿನ ಎಲ್ಲ ಮಹಡಿಗಳಲ್ಲೂ ಒಟ್ಟಿಗೆ ಬಂದು ನಿಂತುಬಿಟ್ಟರೆ ಅಡುಗೆಯನ್ನು ಅನುಮಾನಿಸಿ. ದಿನದಿನವೂ ಸ್ವಲ್ಪ ಸ್ವಲ್ಪ ಬರುತ್ತಿದ್ದು, ಎಲ್ಲ ಮಹಡಿಯಲ್ಲೂ ಹರಡಿದ್ದರೆ ನೀರಿನ ಟ್ಯಾಂಕ್ ನೋಡಿ. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಚಿಕ್ಕ ಕಿಟ್ ಸಿಗುತ್ತದೆ. ಟ್ಯಾಂಕಿನಲ್ಲಿ ನೋಡಿದರೆ ಸಾಲದು, ಕೊನೆಯ ಮಹಡಿಯ ಕೊನೆಯ ನಲ್ಲಿಯಲ್ಲಿ ನೋಡಿ. ಅನುಮಾನ ಇದ್ದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ.

ಅಡುಗೆಮನೆಯಲ್ಲಿ ನನಗೆ ಹೆಚ್ಚು ಹೆದರಿಕೆ ದೊಡ್ಡ ಪಾತ್ರೆಗಳ ಮೇಲೆ. ನೂರಾರು ಜನರ ಅಡುಗೆ ಒಂದೇ ಪಾತ್ರೆಯಲ್ಲಿದ್ದರೆ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು ಇಂಥ ಪಾತ್ರೆಗಳಿಗೇ ಹೆಸರಾದದ್ದು. ತಿಂದ 6ರಿಂದ 24 ಗಂಟೆಯಲ್ಲಿ ಹೊಟ್ಟೆ ನುಲಿದು ಭೇದಿ ಬರುತ್ತದೆ. ಅನ್ನ ಹೊರಗೆ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ ಇರಲಿ. ಉಳಿದದ್ದನ್ನು ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಹರಡಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಒಂದು ಥರ್ಮಾಮೀಟರ್ ತೆಗೆದುಕೊಳ್ಳಿ. ಕೈ ಹಾಕಿ ನೋಡಿ ಬಿಸಿ ಇದೆ ಅನ್ನುವುದು ಲೆಕ್ಕಕ್ಕಿಲ್ಲ.

ಕಾಯಿಲೆ ಹರಡುತ್ತಿರುವ ದಿನಗಳಲ್ಲಿ ಎಲ್ಲರೂ ಒಂದೇ ಸೌಟು ಹಿಡಿದು ಬಡಿಸಿಕೊಳ್ಳುವುದನ್ನು ನಿಲ್ಲಿಸಿ. ಗ್ಲೌಸ್ ಹಾಕಿದ ಒಬ್ಬರು ಬಡಿಸಲಿ. ಕೂಲರ್‌ನ ನಲ್ಲಿಗೆ ಬಾಟಲಿಯ ಬಾಯಿ ತಾಗಿಸದಂತೆ ಬೋರ್ಡ್ ಹಾಕಿ. ಮಲಗಿರುವ ಮಕ್ಕಳಿಗೆ ರೂಮಿನ ಬಾಗಿಲಿಗೇ ಊಟ ಕಳಿಸಿ. ಊಟ ಬಾಗಿಲಿಗೆ ಬಾರದಿದ್ದರೆ ಅವರೇ ಎದ್ದು ಊಟದ ಹಾಲಿಗೆ ಬರುತ್ತಾರೆ.

ಕೊನೆಗೆ ನಿಮ್ಮ ಅಡುಗೆಯವರು. 2015ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಕಾಲೇಜಿನ ಬಳಿಯ ರೆಸ್ಟೋರೆಂಟಿನಿಂದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ನೊರೊವೈರಸ್ ಬಂತು. ಅಲ್ಲಿ ಕಾಯಿಲೆಯಲ್ಲೇ ಕೆಲಸಕ್ಕೆ ಬಂದ ಒಬ್ಬರಿದ್ದರು. ಯಾಕೆ ಬಂದರು ಅಂತ ಬೈಯುವ ಮುಂಚೆ, ನಿಮ್ಮಲ್ಲಿ ಒಂದು ದಿನ ರಜೆ ಹಾಕಿದರೆ ಸಂಬಳ ಹಿಡಿಯುತ್ತೀರಾ ಎಂದು ಕೇಳಿಕೊಳ್ಳಿ. ಹಿಡಿಯುವುದಾದರೆ, ಭೇದಿ ಇದ್ದವರೂ ಹೇಳದೆ ಸೌಟು ಹಿಡಿಯುತ್ತಾರೆ. ಅವರಿಗೂ ಮನೆ ನಡೆಯಬೇಕು. ವಾಂತಿ-ಭೇದಿಯಾದರೆ ನಿಂತ ಮೇಲೆ 48 ಗಂಟೆಯವರೆಗೆ ಸಂಬಳದ ರಜೆ ಅಂತ ಗೋಡೆಯ ಮೇಲೆ ಬರೆದು ಹಾಕಿ.

ಪ್ರಶ್ನೆ: ಮಗಳ ಹಾಸ್ಟೆಲ್‌ನಲ್ಲಿ ಹರಡಿದೆಯಂತೆ. ಅವಳಿಗೆ ಇನ್ನೂ ಬಂದಿಲ್ಲ. ಮನೆಗೆ ಕರೆದುಕೊಂಡು ಬರಲಾ? ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ.
(ಒಬ್ಬ ತಾಯಿ)

ಉತ್ತರ: ಅತ್ತೆಯವರು ಇರುವುದರಿಂದ ಈಗ ಬೇಡ. ಮಗಳ ಹೊಟ್ಟೆಯಲ್ಲಿ ಆಗಲೇ ವೈರಸ್ ಇದ್ದು ಇನ್ನೂ ಲಕ್ಷಣ ಕಾಣದಿರಬಹುದು. ಇಪ್ಪತ್ತರ ಹುಡುಗಿಗೆ ಎರಡು ದಿನದ ಕಷ್ಟವಾಗಿ ಹೋಗುವುದು, ವಯಸ್ಸಾದವರಿಗೆ ಮತ್ತು ಸಣ್ಣ ಮಕ್ಕಳಿಗೆ ಮೈಯ ನೀರು ಬತ್ತಿ ಆಸ್ಪತ್ರೆಗೆ ಹೋಗುವ ಹಾಗೆ ಮಾಡಬಹುದು. ಬಸ್ಸಿನಲ್ಲಿ ದಾರಿ ಮಧ್ಯೆ ಶುರುವಾದರೆ ಇನ್ನೂ ಕಷ್ಟ. ಅವಳಿಗೆ ನಾಲ್ಕು ಓಆರ್‌ಎಸ್ ಪ್ಯಾಕೆಟ್, ಒಂದು ಸೋಪು ಇಟ್ಟುಕೊಳ್ಳಲು ಹೇಳಿ. ದಿನಕ್ಕೆ ಎರಡು ಸಲ ಫೋನ್ ಮಾಡಿ. ವಾರ್ಡನ್ ನಂಬರ್ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅಲ್ವಾ?
(ಮೊದಲ ವರ್ಷದ ವಿದ್ಯಾರ್ಥಿ)

ಉತ್ತರ: ಬರುತ್ತದೆ. ನೊರೊವೈರಸ್‌ನಲ್ಲಿ ಹಲವಾರು ಬಗೆಗಳಿವೆ. ಒಂದರ ಮೇಲಿನ ರಕ್ಷಣೆ ಇನ್ನೊಂದಕ್ಕೆ ಸಾಲುವುದಿಲ್ಲ, ಆ ರಕ್ಷಣೆಯೂ ಬಹಳ ಕಾಲ ಇರುವುದಿಲ್ಲ. ಗುಣವಾದವರೂ ಕೈ ತೊಳೆಯಬೇಕು.

ಪ್ರಶ್ನೆ: ನಾನು ಕ್ಲಾಸ್ ರೆಪ್. ಮುಂದಿನ ವಾರ ಕಾಲೇಜು ಫೆಸ್ಟ್. ಈಗ ಹಾಸ್ಟೆಲ್‌ನಲ್ಲಿ ಕಾಯಿಲೆ ಕಡಿಮೆಯಾಗುತ್ತಿದೆ. ಯಾವಾಗ ಮುಗಿಯಿತು ಅಂತ ತಿಳಿಯಬೇಕು? ಮೊದಲು ಕಾಯಿಲೆ ತಂದದ್ದು ನಾನೇ ಎಂದು ಎಲ್ಲರೂ ಗ್ರೂಪಿನಲ್ಲಿ ಬರೆಯುತ್ತಿದ್ದಾರೆ.

ಉತ್ತರ: ಎರಡನೇ ಮಾತಿಗೆ ಮೊದಲು ಉತ್ತರ. ನಿಮ್ಮಿಂದ ಶುರುವಾಯಿತೋ ಇಲ್ಲವೋ ಯಾರೂ ಹೇಳಲಾರರು. ಲಕ್ಷಣವೇ ಇಲ್ಲದೆ ವೈರಸ್ ಹೊತ್ತು ತಿರುಗುವವರೂ ಇರುತ್ತಾರೆ. ನಿಮಗೆ ಕಾಯಿಲೆ ಅಂತ ಮೊದಲು ಬಾಯಿಬಿಟ್ಟು ಹೇಳಿದವರು ನೀವು, ಅಷ್ಟೇ. ಹಾಗೆ ಹೇಳಿದ್ದಕ್ಕೇ ಉಳಿದವರು ಎಚ್ಚರಾದರು. ಗ್ರೂಪ್ ಅಡ್ಮಿನ್ ಯಾರೇ ಇರಲಿ, ಆ ಮೆಸೇಜ್‌ಗಳನ್ನು ತೆಗೆಸಿ. ಇಂಥ ಮಾತು ಕೇಳಿದವರು ಮುಂದಿನ ಸಲ ಹೊಟ್ಟೆ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾರೆ.

ಫೆಸ್ಟ್ ವಿಷಯಕ್ಕೆ ಬಂದರೆ, ವೈರಸ್ ತಲೆ ಎತ್ತಲು ಹೆಚ್ಚೆಂದರೆ ಎರಡು ದಿನ ಬೇಕು. ನಾನು ಅದರ ಎರಡರಷ್ಟು ಲೆಕ್ಕ ಇಟ್ಟುಕೊಳ್ಳುತ್ತೇನೆ. ನಾಲ್ಕು ದಿನ ಪೂರ್ತಿ ಒಂದೂ ಹೊಸ ಪ್ರಕರಣ ಇಲ್ಲದಿದ್ದರೆ ಈ ಸುತ್ತು ಮುಗಿಯಿತು ಎನ್ನಬಹುದು. ಆ ನಾಲ್ಕು ದಿನದ ಕೊನೆಯಲ್ಲಿ ಶೌಚಾಲಯ, ಊಟದ ಹಾಲ್, ಲಿಫ್ಟ್ ಗುಂಡಿ, ಕಂಪ್ಯೂಟರ್ ಲ್ಯಾಬಿನ ಕೀಬೋರ್ಡ್‌ಗಳನ್ನು ಇನ್ನೊಮ್ಮೆ ಶುಚಿ ಮಾಡಿಸಿ. ಕೀಬೋರ್ಡ್‌ಗೆ ಬ್ಲೀಚ್ ಸುರಿಯಬೇಡಿ, ಕ್ಲೋರಿನ್ ಇರುವ ಒರೆಸುವ ಹಾಳೆ ಸಾಕು. ಸೋಮವಾರ ಫೆಸ್ಟ್ ಇದ್ದು, ಶುಕ್ರವಾರ ಯಾರಿಗಾದರೂ ಹೊಸದಾಗಿ ಶುರುವಾದರೆ ಮುಂದೂಡಿ. ಪ್ರಿನ್ಸಿಪಾಲರ ಹತ್ತಿರ ಹೋಗುವಾಗ ಮೆಸ್‌ನವರ ಆ ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗಿ, ದಿನಾಂಕ ತೋರಿಸಿ ಮಾತಾಡಿ.